ದೊಡ್ಡಮ್ಮನ ಕ್ಷಮಾಪಣೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಆರು ದೃಶ್ಯಕ್ಕೆ ದನಿ ಕೊಟ್ಟೆ, ಊಟದ ಮೇಲೆ ನಾಲ್ಕು. ಗಂಟಲು ಕೆರೆತ. ಬಿಸಿನೀರು ಕುಡಿದದ್ದೇ ಕುಡಿದದ್ದು. ಈ ಸೀರಿಯಲ್ಲಿನ ದೊಡ್ಡಮ್ಮನ ಪಾತ್ರಕ್ಕೆ ಡಬ್ಬಿಂಗ್ ಮಾಡಲು ಶುರುಮಾಡಿ ಎರಡು ವರ್ಷವಾಯಿತು. ಪರದೆಯ ಮೇಲೆ ಬಾಯಿ ಆಡಿಸುವವಳು ಬೇರೆ ಯಾವುದೋ ಭಾಷೆಯ ನಟಿ. ದನಿಯೊಳಗಿನ ನಂಜು ಮಾತ್ರ ನನ್ನದು.

ಇವತ್ತು ಸೊಸೆಯ ಹಾಲಿಗೆ ವಿಷ ಬೆರೆಸಿದೆ... ಅಂದರೆ ದೊಡ್ಡಮ್ಮ ಬೆರೆಸಿದಳು. "ಕುಡಿ ಮಗಳೇ, ಆರೋಗ್ಯಕ್ಕೆ ಒಳ್ಳೇದು" — ಒಂದೇ ಟೇಕ್. ಗಾಜಿನಾಚೆ ಕೂತ ಸೌಂಡ್ ಇಂಜಿನಿಯರ್ ತೋಳು ಸವರಿಕೊಂಡರು.

"ಮೈ ಜುಂ ಅಂತು ಮೇಡಂ. ಎಲ್ಲಿಂದ ತರ್ತೀರಾ ಇದನ್ನೆಲ್ಲ?"

"ಹುಟ್ಟುಗುಣ ಕಣಪ್ಪ, ಸುಟ್ಟರೂ ಹೋಗಲ್ಲ" ಅಂದೆ. ಎಲ್ಲರೂ ನಕ್ಕರು.

ಮನೆಗೆ ಬಂದರೆ ಒಬ್ಬಳೇ. ಮಗ ಸೊಸೆ ಬೇರೆ ಮನೆ ಮಾಡಿ ಐದು ತಿಂಗಳು. ಫೋನ್ ಬರಲಿಲ್ಲ.

ಮಾರ್ಚ್ 4, ಮಂಗಳವಾರ

ಡಬ್ಬಿಂಗ್ ನಿರ್ದೇಶಕರು ಮುಂದಿನ ಕಥೆ ಹೇಳಿದರು. ದೊಡ್ಡಮ್ಮ ಒಳ್ಳೆಯವಳಾಗುತ್ತಾಳಂತೆ! ಎಂಟೇ ಕಂತಿನಲ್ಲಿ. ಬಸುರಿ ಸೊಸೆಯನ್ನು ಮೆಟ್ಟಿಲಿಂದ ತಳ್ಳಿದವಳು, ಗೋದಾಮಿಗೆ ಬೆಂಕಿ ಇಟ್ಟು ಕಾವಲುಗಾರನನ್ನು ಜೈಲಿಗೆ ಕಳಿಸಿದವಳು, ನಿನ್ನೆ ತಾನೇ ಹಾಲಿಗೆ ವಿಷ ಹಾಕಿದವಳು.

"ಅದೆಲ್ಲ ಏನಾಗುತ್ತೆ ಸಾರ್?"

"ಕಾಲು ಹಿಡ್ಕೊಂಡು ಒಂದ್ಸಾರಿ ಅಳ್ತಾಳೆ. ಮುಗೀತು."

"ಅಷ್ಟೇನಾ?"

"ಜನಕ್ಕೆ ಅವಳು ಬೇಕು ಮೇಡಂ. ಬೇಕಾದವ್ರ ತಪ್ಪನ್ನ ಜನಾನೇ ಮರೀತಾರೆ. ನಾವು ಮತ್ತೆ ಮೆಟ್ಟಿಲು ತೋರಿಸ್ದೆ ಇದ್ರೆ ಸಾಕು."

ಬಸ್ಸಿನುದ್ದಕ್ಕೂ ಮೈ ಉರಿಯಿತು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಮಾತು ಟಿವಿಯವರಿಗಿಲ್ಲವೇನೋ. ನಾನಾದರೂ ಯಾರನ್ನೂ ಮೆಟ್ಟಿಲಿಂದ ತಳ್ಳಿದವಳಲ್ಲ.

ಇದನ್ನು ಯಾಕೆ ಬರೆದೆ? ಯಾರು ಕೇಳಿದರು?

ಮಾರ್ಚ್ 7, ಶುಕ್ರವಾರ

ಮಗನ ಫೋನ್. ಎರಡು ನಿಮಿಷ.

"ಚೆನ್ನಾಗಿದೀಯಾ ಅಮ್ಮ? ಮಾತ್ರೆ ತಗೋತಿದೀಯಾ?"

ಗುಬ್ಬಿಗೆ ಕೊಡು ಅಂದೆ. ಮೊಮ್ಮಗಳಿಗೆ ಆರು ವರ್ಷ, ನಮಗೆಲ್ಲ ಗುಬ್ಬಿ. ಸ್ನಾನಕ್ಕೆ ಹೋಗಿದ್ದಾಳೆ ಅಂದ. ಅವನ ಪಕ್ಕದಲ್ಲೇ ಅವಳು ಏನೋ ಹಾಡಿಕೊಳ್ಳುತ್ತಿದ್ದಳು. ಕಿವಿಯಿಂದಲೇ ಅನ್ನ ತಿಂದವಳಿಗೆ ಅಷ್ಟು ತಿಳಿಯುವುದಿಲ್ಲವೇ?

"ನೀನು ಅವಳ ಹತ್ರ ಮಾತಾಡೋ ತನಕ ನಾನೇನೂ ಮಾಡೋಕಾಗಲ್ಲ ಅಮ್ಮ." ಅವಳು ಅಂದರೆ ಸೊಸೆ.

ಇಷ್ಟಕ್ಕೂ ನಾನೇನು ಮಾಡಿದೆ? ತಮಾಷೆ ಮಾಡಿದೆ. ತಮಾಷೆ.

ಮಾರ್ಚ್ 13, ಗುರುವಾರ. ಸಂಜೆ 4

ಅಳುವ ದೃಶ್ಯ ಇವತ್ತೇ. ಹದಿನಾಲ್ಕು ಟೇಕ್. ನಲವತ್ತು ವರ್ಷದ ಕಸುಬಿನಲ್ಲಿ ಇಂಥ ಅವಮಾನ ಆಗಿರಲಿಲ್ಲ. ಇಷ್ಟೇ ಮಾತು: "ನಾನು ನಿನ್ನ ಅತ್ತೆ ಆಗಿರಲಿಲ್ಲ, ನಿನ್ನ ಎದೆ ಮೇಲಿನ ಬಂಡೆ ಆಗಿದ್ದೆ. ಕ್ಷಮಿಸು ಅಂತ ಕೇಳೋ ಯೋಗ್ಯತೆನೂ ನನಗಿಲ್ಲ. ಆದ್ರೂ ಕ್ಷಮಿಸು." ಕೊನೆಯ ಪದಕ್ಕೆ ಬಂದ ಕೂಡಲೇ ದನಿ ಕೊಂಕುತ್ತಿತ್ತು.

ಇಂಜಿನಿಯರ್ ಮೈಕಿನಲ್ಲಿ ಮೆಲ್ಲಗೆ ಹೇಳಿದರು. "ಮೇಡಂ, ಆ ಸೊಸೇನ ಅಣಕಿಸ್ತಿದೀರಿ ಅನ್ನೋ ಹಾಗೆ ಕೇಳಿಸ್ತಿದೆ."

ಅಣಕಿಸುವುದು. ನೀರು ಬೇಕೆಂದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಬರೆದುಬಿಡುತ್ತೇನೆ. ಯಾರು ಓದಬೇಕು ಇದನ್ನು.

ಸೊಸೆಗೆ ಮಾತು ತೊದಲುತ್ತದೆ. ಚಿಕ್ಕಂದಿನಿಂದಲೂ. 'ಬ' ಬಂದರೆ ನಿಂತೇಬಿಡುತ್ತಾಳೆ. ನನಗೋ, ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ನಾಲಿಗೆಗೆ ಬಂದುಬಿಡುತ್ತದೆ. ನೆಂಟರು ಬಂದಾಗಲೆಲ್ಲ ಮಾಡಿ ತೋರಿಸುತ್ತಿದ್ದೆ. ಅವಳು 'ಬಾಗಿಲು ಹಾಕಿ' ಎನ್ನುವುದು, ಫೋನಿನಲ್ಲಿ ವಿಳಾಸ ಹೇಳುವುದು... ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳೂ ನಗುತ್ತ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಬರುಬರುತ್ತ ನನ್ನೆದುರು ಮಾತನ್ನೇ ಬಿಟ್ಟಳು. ಸದ್ಯ, ಮನೆ ತಣ್ಣಗಾಯಿತು ಅಂದುಕೊಂಡೆ. ಹಾಗಂತ ಒಂದಿಬ್ಬರಿಗೆ ಹೇಳಿದೆ ಕೂಡ.

ಆಮೇಲೆ ಒಂದು ದಿನ ಗುಬ್ಬಿ ಅವಳ ಮುಂದೆ ನಿಂತು, "ಬ... ಬ... ಬಾಟಲ್ ಕೊಡಮ್ಮ" ಅಂದಳು. ಅಚ್ಚು ಅಮ್ಮನದೇ. ಯಾರೇ ಹೇಳಿಕೊಟ್ಟಿದ್ದು ಅಂದ ಮಗ.

"ಅಜ್ಜಿ. ಅಜ್ಜಿ ಇನ್ನೂ ಚೆನ್ನಾಗಿ ಮಾಡ್ತಾರೆ."

ಅದೇ ವಾರ ಮನೆ ಬಿಟ್ಟರು.

ಹದಿನಾಲ್ಕನೆಯ ಟೇಕ್ ಸರಿಬಂತು. ನಿರ್ದೇಶಕರು ಕಣ್ಣೊರೆಸಿಕೊಂಡರು. ನನಗೆ ಅವರ ಮುಖ ನೋಡಲು ನಾಚಿಕೆಯಾಯಿತು.

ಮಾರ್ಚ್ 14

ಫೋನ್ ಎತ್ತಿಕೊಂಡೆ. ಇಟ್ಟೆ.

ಮಾರ್ಚ್ 28, ಶುಕ್ರವಾರ. ಸಂಜೆ

ಆ ಕಂತು ಇವತ್ತು ಪ್ರಸಾರವಾಯಿತು. ಮುಗಿದದ್ದೇ ತಡ, ಪಕ್ಕದ ಮನೆಯಾಕೆ ಮೂಗು ಸೀಟಿಕೊಳ್ಳುತ್ತ ಬಂದರು.

"ಪಾಪ ರೀ ದೊಡ್ಡಮ್ಮ! ನನಗಂತೂ ಸಿಟ್ಟೆಲ್ಲ ಇಳಿದುಹೋಯ್ತು."

"ಸೊಸೇನ ಮೆಟ್ಟಿಲಿಂದ ತಳ್ಳಿದ್ಲಲ್ಲ?"

"ಅಯ್ಯೋ, ಅದು ಯಾವ ಕಾಲದ್ದು ಬಿಡಿ!"

ನನಗೂ ಆಸೆ ಹುಟ್ಟಿತು. ನನ್ನದೂ ಯಾವ ಕಾಲದ್ದೋ ಆಗಿರಬಹುದು. ನಾಳಿದ್ದು ಹೋಗಿಬರುತ್ತೇನೆ.

ಮಾರ್ಚ್ 30, ಭಾನುವಾರ. ಸಂಜೆ 5

ಹೋಗಿಬಂದೆ.

ಮಗ ಗುಬ್ಬಿಯನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದ. ಸೊಸೆ ಬಾಗಿಲು ತೆಗೆದಳು, ಕುರ್ಚಿ ತೋರಿಸಿದಳು. ಒಗೆದ ಬಟ್ಟೆ ಮಡಿಸುತ್ತಿದ್ದಳು, ಅದನ್ನು ಬಿಡಲಿಲ್ಲ. ದಾರಿಯಲ್ಲಿ ಏನೇನೋ ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆರೆದರೆ — "ನಾನು ನಿನ್ನ ಅತ್ತೆ ಆಗಿರಲಿಲ್ಲ, ನಿನ್ನ ಎದೆ ಮೇಲಿನ ಬಂಡೆ ಆಗಿದ್ದೆ..." ಅದೇ. ಉಸಿರೆಳೆದದ್ದೂ ಅಲ್ಲೇ, ದನಿ ಒಡೆದದ್ದೂ ಅಲ್ಲೇ. ನಿಲ್ಲಿಸಲು ಆಗಲಿಲ್ಲ. ಇನ್ನೊಂದನ್ನೂ ಬರೆಯಬೇಕು, ಇಲ್ಲದಿದ್ದರೆ ಈ ಪುಸ್ತಕವೂ ಸುಳ್ಳೇ. ಹೇಳುತ್ತಿರುವಾಗಲೇ ಒಳಗೆಲ್ಲೋ, ಚೆನ್ನಾಗಿ ಬರ್ತಿದೆ ಅಂದುಕೊಂಡೆ.

ಅವಳು ಗುಬ್ಬಿಯ ಫ್ರಾಕೊಂದನ್ನು ಮಡಿಸಿ ಇಟ್ಟಳು.

"ಅತ್ತೆ... ಅದು ಮೊನ್ನೆ ಟಿವೀಲಿ ಬ... ಬ... ಬಂತಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನೀನು ನೋಡ್ತೀಯಾ ಅದನ್ನ?"

"ಗುಬ್ಬಿಗೆ ಅಜ್ಜಿ ದನಿ ಬ... ಬೇಕು. ಅದಕ್ಕೇ ದಿನಾ ಹಾಕ್ತೀನಿ. ಅಜ್ಜಿ ಯಾಕೆ ಹಾಲಿಗೆ ವಿಷ ಹಾಕಿದ್ರು ಅಂತ ಕೇಳ್ತಾಳೆ. ಅದು ಅಜ್ಜಿ ಅಲ್ಲ, ಬ... ಬರೀ ದನಿ ಅಂತೀನಿ."

ಒಂದೊಂದು ಪದಕ್ಕೂ ಕಾಯಬೇಕಾಯಿತು. ಎಂಟು ವರ್ಷದಲ್ಲಿ ಅವಳ ಮಾತನ್ನು ಕೊನೆಯವರೆಗೆ ಕೇಳಿದ್ದು ಇದೇ ಮೊದಲು. ಇಷ್ಟು ದಿನ ನಡುವೆಯೇ ನಾನು ಮುಗಿಸಿಬಿಡುತ್ತಿದ್ದೆ.

"ಅದು ಸೀರಿಯಲ್ಲಿಂದು. ನಿಮ್ಮದು ಹೇಳಿ ಅತ್ತೆ."

ನನ್ನದು! "ನಾನು..." ಅಂದೆ. ಮತ್ತೆ "ನಾನು..." ಅಷ್ಟೇ. ಅವಳು ಮಡಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಬಾಯಿ ಹಾಕಲಿಲ್ಲ, ಅವಸರ ಮಾಡಲಿಲ್ಲ. ಸುಮ್ಮನೆ ಕಾದಳು. ನಮ್ಮ ಮನೆಯಲ್ಲಿ ಅವಳಿಗಾಗಿ ಯಾರೂ ಹಾಗೆ ಕಾದದ್ದಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾಗಲಿಲ್ಲ. ಎದ್ದುಬಿಟ್ಟೆ.

ಬಾಗಿಲ ಹತ್ತಿರ ಅಂದಳು: "ಮುಂದಿನ ಭಾನುವಾರ ಬ... ಬನ್ನಿ. ಗುಬ್ಬಿ ಇರ್ತಾಳೆ. ಹೇಳೋದಿದ್ರೆ ಅವಳ ಮುಂದೇನೇ ಹೇಳಿ. ಅವಳು ಕಲಿತಿದ್ದು ನಿಮ್ಮಿಂದ."

ಏಪ್ರಿಲ್ 2, ಬುಧವಾರ

ಮೂರು ಸಲ ಬರೆದೆ, ಮೂರನ್ನೂ ಹರಿದೆ. ಮೊದಲನೆಯದು ದೊಡ್ಡಮ್ಮನ ಹಾಗಿತ್ತು. ಎರಡನೆಯದರಲ್ಲಿ 'ತಮಾಷೆಗೆ' ಅಂತ ನುಸುಳಿತ್ತು. ಮೂರನೆಯದನ್ನು ಗಟ್ಟಿಯಾಗಿ ಓದಿ ನೋಡಿದೆ. ಎಲ್ಲಿ ಒಡೆಯಬೇಕೋ ಅಲ್ಲೇ ದನಿ ಒಡೆಯಿತು. ಥೂ.

ಏಪ್ರಿಲ್ 6, ಭಾನುವಾರ. ಬೆಳಿಗ್ಗೆ 9

ಹತ್ತು ಗಂಟೆಯ ಬಸ್ಸು. ಹೇಗೆ ಹೇಳಬೇಕೆಂದು ಜೋಡಿಸಿಕೊಂಡಿಲ್ಲ. ಅಳಬಾರದು, ಅತ್ತರೆ ನಟನೆ ಶುರುವಾಗುತ್ತದೆ. ಕಾಲು ಹಿಡಿಯುವುದೂ ಬೇಡ, ಮಗು ಹೆದರೀತು. ಹೇಳಬೇಕಾದದ್ದು ಇಷ್ಟೇ — ಗುಬ್ಬಿ, ನಿಮ್ಮಮ್ಮ ಮಾತಾಡೋದರಲ್ಲಿ ನಗೋವಂಥದ್ದು ಏನೂ ಇಲ್ಲ. ನಗಿಸಿದವಳು ನಾನು. ಅವಳಿಗೆ ನೋಯುತ್ತೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ, ಯಾಕೆಂದರೆ ಎಲ್ಲರೂ ನಕ್ಕಾಗ ನನಗೆ ಖುಷಿಯಾಗ್ತಿತ್ತು. ಸಾಕು, ಇನ್ನೂ ಬರೆದರೆ ಇದೂ ಡೈಲಾಗ್ ಆಗಿಬಿಡುತ್ತದೆ.