ಪಿನ್ನಿನ ತಲೆಯ ಮಚ್ಚೆ

ಫೆಬ್ರವರಿ 3, ಸೋಮವಾರ. ಸಂಜೆ 6

ಆ ಮಚ್ಚೆ ನನ್ನದು.

ಬರೆದಾಯಿತು. ಎರಡು ವರ್ಷ ಯಾರಿಗೂ ಹೇಳಿರಲಿಲ್ಲ, ಈ ಪುಸ್ತಕಕ್ಕೂ ಹೇಳಿರಲಿಲ್ಲ. ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಗಣಿತದ ಮೇಷ್ಟ್ರ ಲೆಕ್ಕ ತಪ್ಪೆಂದು ತರಗತಿಯಲ್ಲೇ ಹೇಳಿ ಹೊರಗೆ ನಿಂತದ್ದು ಇದೆ. ಹೊರಗೇ ಚೆನ್ನಾಗಿದೆ ಅನ್ನಿಸಿ ಮತ್ತೆ ಒಳಗೆ ಹೋಗದೇ ಇದ್ದದ್ದು ಇದೆ. ಮಾವನ ಕೂದಲಿನ ಬಣ್ಣ ಮೀಸೆಗೆ ಹೊಂದುವುದಿಲ್ಲ ಎಂದು ಅವರ ಮುಖಕ್ಕೇ ಹೇಳಿದ್ದೂ ಇದೆ. ಇದೊಂದು ಇಲ್ಲ. ಮಾವನ ಕಾರ್ಖಾನೆಯಲ್ಲಿ ನನ್ನನ್ನು ‘ತಕ್ಕಡಿ’ ಎನ್ನುತ್ತಾರೆ, ಇದ್ದದ್ದನ್ನು ಇದ್ದಷ್ಟೇ ತೂಗುತ್ತೇನಂತೆ. ತಟ್ಟೆಯ ಅಡಿಗೆ ಅಂಟಿಸಿದ ಹುಣಸೆಹಣ್ಣು ಯಾರಿಗೂ ಕಂಡಿಲ್ಲ.

ಇವತ್ತು ಬೆಳಿಗ್ಗೆ ಆ ಮಚ್ಚೆಯಿರುವ ಅಚ್ಚು ಬಿರುಕು ಬಿಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮ ಪಕ್ಕದ ಮನೆಯವರಿಗೆ “ನಮ್ಮ ಹುಡುಗಿ ಮೊಳೆ ಮಾಡ್ತಾಳೆ” ಅನ್ನುತ್ತಾಳೆ. ಮೊಳೆಯಲ್ಲ. ರೈಲಿನ ಎರಡು ವ್ಯಾಗನ್‌ಗಳ ಕೊಂಡಿ ಒಂದರೊಳಗೊಂದು ಕೂತಾಗ ಮೇಲಿನಿಂದ ಇಳಿಬಿಡುವ ಕಪ್ಲಿಂಗ್ ಪಿನ್. ಮೊಳದುದ್ದ, ನನ್ನ ಮಣಿಕಟ್ಟಿನ ದಪ್ಪ. ಅದಕ್ಕೊಂದು ತಲೆ ಬೇಕು, ಇಲ್ಲದಿದ್ದರೆ ಜಾರಿ ಹಳಿಯ ಮೇಲೆ ಬೀಳುತ್ತದೆ. ಆ ತಲೆಗೆ ಅಚ್ಚು — ಉಕ್ಕಿನ ದಿಮ್ಮಿಯಲ್ಲಿ ತಲೆಯ ಆಕಾರದ ಗುಳಿ. ಕೆಂಪಗೆ ಕಾದ ಸರಳಿನ ತುದಿಯನ್ನು ಅದರೊಳಗೆ ಕುಟ್ಟುವುದು. ಗುಳಿಯಲ್ಲಿ ಏನಿದೆಯೋ ಅದೇ ತಲೆಯಲ್ಲಿ. ಗುಳಿಯಲ್ಲಿ ಗೀರಿದ್ದರೆ ತಲೆಯ ಮೇಲೆ ಗಂಟು.

ನಾನು ಕೆಲಸಕ್ಕೆ ಸೇರಿದ ಎಂಟನೇ ದಿನ. ಊಟದ ಹೊತ್ತು. ಅಚ್ಚು ಕೆತ್ತುವ ಅಜ್ಜ ಗೋಣಿಚೀಲದ ಮೇಲೆ ಗೊರಕೆ ಹೊಡೆಯುತ್ತಿದ್ದರು. ಹೊಸ ಅಚ್ಚು ಕೆತ್ತಿ ಮುಗಿದಿತ್ತು, ಕಾಯಿಸಿ, ಹದ ಹಾಕಿ ಗಟ್ಟಿ ಮಾಡುವುದೊಂದು ಬಾಕಿ. ಮುಟ್ಟಬೇಡ ಎಂದಿದ್ದರು. ಉಳಿ ಉಕ್ಕನ್ನು ಹೇಗೆ ಕಚ್ಚುತ್ತದೆ ನೋಡೋಣ ಎಂದು ಕೈ ಹಾಕಿದೆ. ಜಾರಿತು. ಅಕ್ಕಿಕಾಳಿನಷ್ಟು ಗೀರು, ಒಂದು ತುದಿ ಸ್ವಲ್ಪ ಬಾಗಿದ್ದು. ಎಣ್ಣೆ ಸವರಿದೆ, ಬಟ್ಟೆ ಮುಚ್ಚಿದೆ, ಕೈ ತೊಳೆದು ಊಟಕ್ಕೆ ಕೂತೆ. ಹೊಟ್ಟೆ ತುಂಬ ಉಂಡೆ, ಅದನ್ನೂ ಬರೆಯಬೇಕು.

ಮರುದಿನ ಹದವಾಗಿ ಬಂದ ಅಚ್ಚನ್ನು ಅಜ್ಜ ಬಹಳ ಹೊತ್ತು ನೋಡಿದರು. ಹದವಾದ ಉಕ್ಕು ಉಳಿಗೆ ಬಗ್ಗುವುದಿಲ್ಲ. ಮಾವ “ಇದೇನಜ್ಜ?” ಎಂದರು. ಅಜ್ಜ ತಲೆಯೆತ್ತದೆ, “ನಾನೇ ಹಾಕಿದ್ದು. ನಮ್ಮ ಗುರುತು ಅಂತ ಒಂದಿರಲಿ” ಎಂದರು.

ಯಾಕೆ ಹಾಗೆ ಹೇಳಿದರೋ. ಕೇಳಿದರೆ ನನ್ನದು ಹೊರಬೀಳುತ್ತಿತ್ತು. ಕೇಳಲಿಲ್ಲ.

ಫೆಬ್ರವರಿ 4, ಮಂಗಳವಾರ

ಮಾವ ಹೊಸ ದಿಮ್ಮಿ ತರಿಸಿದರು. ಅಜ್ಜ ಅದನ್ನು ಬೆರಳಲ್ಲಿ ತಟ್ಟಿ, “ಉಕ್ಕು ಪ್ರಯಾಣ ಮಾಡಿ ಬಂದಿದೆ. ನಾಲ್ಕು ದಿನ ಸುಧಾರಿಸಿಕೊಳ್ಳಲಿ” ಎಂದರು.

ಸುತ್ತಿಗೆ ನಡೆಸುವ ಸುತ್ತಿಗೆಯಣ್ಣ ಸುಮ್ಮನಿರುವ ಪೈಕಿ ಅಲ್ಲ. “ಕಾಲು ಒತ್ತಬೇಕಾ ಅದಕ್ಕೆ?” ಎಂದ.

ಅಜ್ಜ ಎರಡು ವರ್ಷದಿಂದ ಹೀಗೇ. ಸಣ್ಣಪುಟ್ಟ ಅಚ್ಚು ಬಂದರೆಲ್ಲ ನನ್ನ ಕೈಗೆ ಉಳಿ ಕೊಟ್ಟು, “ನೀನು ಕೆತ್ತು, ನಾನು ನೋಡ್ತೀನಿ” ಅನ್ನುವುದು. ಅರ ಹಿಡಿಯುವುದು, ಗುಳಿಗೆ ಸೀಸ ಹೊಯ್ದು ಆಕಾರ ತೆಗೆದು ನೋಡುವುದು, ಎಲ್ಲ ಕಲಿತೆ. ಅಜ್ಜನಿಗೆ ಮೈಗಳ್ಳತನ ಬಂತು ಅಂತ ನನ್ನ ಲೆಕ್ಕ. ಹಾಗೆಂದು ಅವರಿಗೇ ಹೇಳಿದ್ದೆ ಕೂಡ. “ಹೌದೌದು” ಎಂದಿದ್ದರು.

ಮಾವನಿಗೆ ತಾಳ್ಮೆ ಇಲ್ಲ. ಪಟ್ಟಣದಲ್ಲಿ ಯಂತ್ರದಿಂದ ಕೆತ್ತಿಸಿ ಹದ ಹಾಕಿಸಿಯೇ ತರುತ್ತಾರಂತೆ. ಮೂರೇ ದಿನ. ಅಜ್ಜ ಟೀ ಕುಡಿದರು. ಎಡಗೈಯಲ್ಲಿ.

ಫೆಬ್ರವರಿ 8, ಶನಿವಾರ

ಯಂತ್ರದ ಅಚ್ಚು ಬಂತು. ಕನ್ನಡಿಯ ಹಾಗಿದೆ. ನಲವತ್ತು ಪಿನ್ನಿಗೆ ತಲೆ ಹೊಡೆದೆವು. ಒಂದೊಂದೂ ಬೆಣ್ಣೆಮುದ್ದೆ. ಮಾವ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಬಟ್ಟೆಯಲ್ಲಿ ಒರೆಸಿದರು.

ಮೂರು ಗಂಟೆಗೆ ರೈಲ್ವೆ ಇನ್‌ಸ್ಪೆಕ್ಟರ್ ಬಂದರು. ಯಾವಾಗಲೂ ಕೈಯಲ್ಲೊಂದು ಭೂತಗನ್ನಡಿ ಇರುತ್ತದೆ, ಆದ್ದರಿಂದ ಅವರ ಹೆಸರೇ ಭೂತಗನ್ನಡಿ. ಒಂದು ಪಿನ್ ಎತ್ತಿದರು. ಇನ್ನೊಂದು ಎತ್ತಿದರು. ನಲವತ್ತನ್ನೂ ಎತ್ತಿ ನೋಡಿ, “ಮಚ್ಚೆ ಎಲ್ಲಿ?” ಎಂದರು.

ಮಾವನ ಮುಖ ಇಳಿಯಿತು. ಆ ಯಂತ್ರದವರಿಗೆ ಮಚ್ಚೆಯ ವಿಷಯ ಹೇಳುವುದನ್ನೇ ಮರೆತಿದ್ದರು.

“ಅದು ಇಲ್ದೆ ಇನ್ನೂ ಚೆನ್ನಾಗಿದೆಯಲ್ಲ ಸಾರ್” ಎಂದರು.

“ಚೆಂದ ನೋಡೋದಕ್ಕೆ ಇದೇನು ಮದುವೆ ಹೆಣ್ಣಾ? ಎರಡು ವರ್ಷದ ಹಿಂದೆ ನೀವೇ ಹೇಳಿದ್ರಿ, ನಮ್ಮ ಗುರುತು ಅಂತ. ನಾನು ಬರೆದು ಕಳಿಸಿದೆ. ಮೇಲಿನವರು ಡ್ರಾಯಿಂಗಲ್ಲಿ ಸೇರಿಸಿದ್ರು. ನೋಡಿ — ತಯಾರಕರ ಗುರುತು, ಉಬ್ಬು, ಅಕ್ಕಿಕಾಳಿನ ಆಕಾರ, ಹತ್ತು ಗಂಟೆಯ ದಿಕ್ಕು. ಇದಿಲ್ದೆ ಬಂದ ಪಿನ್ ನಕಲಿ.”

“ಸಾರ್, ತಲೆ ದುಂಡಗಿದೆ. ತಿರುಗಿಸಿದ್ರೆ ಹತ್ತು ಗಂಟೆ ನಾಲ್ಕು ಗಂಟೆ ಆಗುತ್ತೆ” ಎಂದೆ.

“ಅದಕ್ಕೇ ತಿರುಗಿಸಬಾರದು” ಎಂದರು.

ಇಪ್ಪತ್ತೊಂದನೇ ತಾರೀಖಿನೊಳಗೆ ಮಚ್ಚೆಯಿರುವ ಪಿನ್ ತೋರಿಸದಿದ್ದರೆ ಕೆಲಸ ಬೇರೆಯವರಿಗೆ. ನಮ್ಮಲ್ಲಿರುವ ದೊಡ್ಡ ಕೆಲಸ ಇದೊಂದೇ. ಯಂತ್ರದ ಅಚ್ಚು ಆಗಲೇ ಹದವಾಗಿದೆ, ಅದರಲ್ಲಿ ಏನೂ ಕೆತ್ತಲಾಗದು. ಮತ್ತೆ ಯಂತ್ರಕ್ಕೆ ಕೊಡಲು ಮಾವನ ಹತ್ತಿರ ದುಡ್ಡಿಲ್ಲ, ಹೊಸ ದಿಮ್ಮಿಯೇ ಗತಿ. ಅಜ್ಜನೇ ಗತಿ.

ಬಾಯಿ ತೆರೆದೆ. ಅಜ್ಜ ನನ್ನ ಎದುರಿಗೇ ನಿಂತಿದ್ದರು, ಬಲಗೈ ಜೇಬಿನಲ್ಲಿ. ಬಾಯಿ ಮುಚ್ಚಿದೆ.

ಫೆಬ್ರವರಿ 10, ಸೋಮವಾರ

ಅಜ್ಜ ದಿಮ್ಮಿಯ ಮುಂದೆ ಕೂತರು. ಗುರುತಿನ ಗೆರೆ ಎಳೆಯಲಿಲ್ಲ. ಒಂದು ಗಂಟೆ ಉಳಿ ಹಿಡಿದು ಕೂತಿದ್ದು, ಕೆಳಗಿಟ್ಟು, “ಕಣ್ಣು ಉರೀತಿದೆ” ಎಂದು ಮನೆಗೆ ಹೋದರು.

ಮಾವ: “ನಾಳೆ ಬರ್ತಾರಾ?”

ಸುತ್ತಿಗೆಯಣ್ಣ: “ಕಣ್ಣು ತಣ್ಣಗಾದ್ರೆ.”

ಅಜ್ಜನ ಕಣ್ಣು ಕೆಂಪಗಿರಲಿಲ್ಲ. ನಾನು ನೋಡಿದ್ದೇನೆ.

ಫೆಬ್ರವರಿ 11, ಮಂಗಳವಾರ

ಅಜ್ಜ ಬರಲಿಲ್ಲ. ಮಧ್ಯಾಹ್ನ ಅವರ ಕೋಣೆಗೆ ಹೋದೆ. ಮಂಚ, ಒಂದು ಕುರ್ಚಿ, ಗೋಡೆ ತುಂಬ ಉಳಿ ಮತ್ತು ಅರ, ಉದ್ದದ ಪ್ರಕಾರ ನೇತುಹಾಕಿದ್ದು. ಮೇಜಿನ ಮೇಲೆ ಗಾಜಿನ ಲೋಟ, ಅಂಚಿನ ತನಕ ನೀರು.

“ಮಾವ ಕಳಿಸಿದ್ರಾ?”

“ಇಲ್ಲ ಅಜ್ಜ. ನಾನೇ ಬಂದೆ.”

“ಹಾಗಾದ್ರೆ ಕೂತ್ಕೋ. ನೀನು ತಕ್ಕಡಿ, ನಿನ್ನ ಹತ್ರ ಸುಳ್ಳು ಹೇಳಿದ್ರೆ ನನಗೇ ಒಳ್ಳೇದಲ್ಲ. ಆ ಮಚ್ಚೆ ಗುರುತಲ್ಲ ಕಣೇ. ನನ್ನ ಕೈ ಜಾರಿದ್ದು. ಜಾರಿದ್ದು ನನಗೇ ಗೊತ್ತಾಗಿಲ್ಲ. ಮಾರನೇ ದಿನ ನೋಡ್ತೀನಿ, ಗೀರು. ನಾಚಿಕೆಯಾಗಿ ಗುರುತು ಅಂದ್ಬಿಟ್ಟೆ.”

ಅಜ್ಜ ಮೇಜಿನ ಲೋಟ ತೋರಿಸಿದರು.

“ಅವತ್ತಿಂದ ದಿನಾ ಬೆಳಿಗ್ಗೆ ಈ ಲೋಟ ತುಂಬಿಸಿ ಬಲಗೈಲಿ ಹಿಡಿದು ನೂರು ಎಣಿಸ್ತೀನಿ. ಒಂದು ತೊಟ್ಟೂ ಚೆಲ್ಲಲ್ಲ.”

“ಹಾಗಿದ್ರೆ ಕೈ ಚೆನ್ನಾಗೇ ಇದೆಯಲ್ಲ.”

“ಅದೇ ಭಯ. ನಡುಗೋ ಕೈನ ನಂಬಬಹುದು, ಇಷ್ಟು ನಡುಗುತ್ತೆ ಅಂತ ಗೊತ್ತಿರುತ್ತೆ. ಇದು ಕಳ್ಳ. ಯಜಮಾನನಿಗೆ ಹೇಳ್ದೆ ಜಾರುತ್ತೆ. ಇಂಥ ಕೈಲಿ ಉಕ್ಕು ಮುಟ್ಟಬಾರದು.”

ಎರಡು ವರ್ಷ. ನಲವತ್ತು ವರ್ಷ ಅಚ್ಚು ಕೆತ್ತಿದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದಾರೆ. ನಾನು ಮೈಗಳ್ಳ ಅಂದೆ.

“ಅಜ್ಜ, ಕಳ್ಳಿ ನಾನು” ಎಂದೆ. ಎಲ್ಲ ಹೇಳಿದೆ. ಗೋಣಿಚೀಲ, ಗೊರಕೆ, ಎಣ್ಣೆ, ಬಟ್ಟೆ. ಊಟ ಮಾಡಿದ್ದನ್ನೂ.

ಬಯ್ಯುತ್ತಾರೆ ಅಂದುಕೊಂಡೆ. ಗೋಡೆಯ ಉಳಿಗಳ ಕಡೆ ನೋಡಿದರು. ಆಮೇಲೆ,

“ಯಾವ ಉಳಿ?”

“ತುದಿ ದುಂಡಗಿರೋದು. ಚಿಕ್ಕದು.”

“ಹೇಗೆ ಹಿಡಿದಿದ್ದೆ?”

ಗೋಡೆಯಿಂದ ತೆಗೆದು ತೋರಿಸಿದೆ.

“ಚಮಚ ಹಿಡಿದ ಹಾಗೆ. ಜಾರದೆ ಇನ್ನೇನಾಗುತ್ತೆ, ಗೂಬೆ” ಎಂದರು. ಎದ್ದರು. ಲೋಟ ತೆಗೆದುಕೊಂಡು ಆ ನೀರನ್ನು ಗಟಗಟ ಕುಡಿದರು. ಬಲಗೈಯಲ್ಲಿ. ಅರ್ಧ ಅಂಗಿಯ ಮೇಲೆ ಚೆಲ್ಲಿತು, ಲಕ್ಷ್ಯವೇ ಇಲ್ಲ.

“ಈಗ ಮನೆಗೆ ಹೋಗು. ನಿನ್ನ ಮೇಲೆ ಸಿಟ್ಟು ಮಾಡ್ಕೋಬೇಕು, ನಿನ್ನೆದುರಿಗೆ ಬರ್ತಿಲ್ಲ.”

ಫೆಬ್ರವರಿ 12, ಬುಧವಾರ

ಎಂಟು ಗಂಟೆಗೆ ಹೋದರೆ ಅಜ್ಜ ಆಗಲೇ ದಿಮ್ಮಿಯ ಮೇಲೆ ಗೆರೆ ಎಳೆಯುತ್ತಿದ್ದಾರೆ. ನನ್ನ ಕಡೆ ನೋಡುವುದಿಲ್ಲ. “ಅರ” ಎಂದರೆ ಅರ ಕೊಡಬೇಕು. “ಎಣ್ಣೆ” ಎಂದರೆ ಎಣ್ಣೆ. ಸಿಟ್ಟು ಬಂದಿದೆ, ಪುಣ್ಯ.

ಮಾವನಿಗೂ ಹೇಳಿದೆ. ಅವರು ಕುರ್ಚಿಯಲ್ಲಿ ಕೂತರು.

“ಯಾರ್ಯಾರಿಗೆ ಹೇಳಿದೀಯ?”

“ಅಜ್ಜನಿಗೆ. ನಿಮಗೆ.”

“ಅಲ್ಲಿಗೇ ನಿಲ್ಲಿಸು.”

“ಇನ್‌ಸ್ಪೆಕ್ಟರಿಗೂ ಹೇಳ್ತೀನಿ ಮಾವ.”

“ಅವರು ಕೇಳಲ್ಲ.”

“ಕೇಳದಿದ್ರೂ ಹೇಳ್ತೀನಿ. ಬರೀ ಕೇಳಿದ್ರೆ ಹೇಳೋದು ಅಂತಾದ್ರೆ ಎರಡು ವರ್ಷ ಹಾಗೇ ಮಾಡಿದ್ನಲ್ಲ.”

ಮಾವ ತಲೆಯ ಮೇಲೆ ಕೈ ಹೊತ್ತರು. ಬಣ್ಣ ಅಂಗೈಗೆ ಬಂತು. ಅದನ್ನು ಮಾತ್ರ ಹೇಳಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಕೆಲಸ ಹೋದರೆ ಮತ್ತೆ ಹತ್ತನೇ ತರಗತಿಗೆ ಕೂರಿಸುತ್ತೇನೆ ಎಂದಳು. “ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ, ಗೊತ್ತಾ” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ ತಲೆ ಹೊರಹಾಕಿ, “ನಿಜವಾಗ್ಲೂ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ಯಾ? ನೀನಾ?” ಎಂದಳು. ದನಿಯಲ್ಲಿ ಗೌರವ ಇತ್ತು ಅನ್ನಿಸುತ್ತದೆ.

ಫೆಬ್ರವರಿ 17, ಸೋಮವಾರ

ಅಚ್ಚು ಮುಗಿಯಿತು. ಐದು ದಿನದಲ್ಲಿ. ಸೀಸ ಹೊಯ್ದು ತೆಗೆದ ತಲೆಯನ್ನು ಸುತ್ತಿಗೆಯಣ್ಣ ಕೆನ್ನೆಗೆ ಒತ್ತಿಕೊಂಡು ನೋಡಿದ. “ಯಂತ್ರದ್ದು ತಣ್ಣಗಿತ್ತು” ಎಂದ. ಇದೂ ತಣ್ಣಗೇ ಇತ್ತು, ಆದರೆ ಅವನ ಮಾತು ಅರ್ಥವಾಯಿತು.

ಮಚ್ಚೆ ಬಾಕಿ. ಅಜ್ಜ ಉಳಿಯನ್ನು ನನ್ನ ಕಡೆ ಚಾಚಿದರು. ‘ಅರ’, ‘ಎಣ್ಣೆ’ ಬಿಟ್ಟರೆ ಆರು ದಿನದ ಮೇಲೆ ಮೊದಲ ಮಾತು: “ನಿನ್ನ ಮಚ್ಚೆ ನೀನೇ ಹಾಕು. ಬೇರೆಯವರ ತಪ್ಪನ್ನ ನಾನು ಕೆತ್ತಲ್ಲ. ಮೊದಲು ತುಂಡು ಉಕ್ಕಿನ ಮೇಲೆ ಅಭ್ಯಾಸ ಮಾಡು.”

ಮಾಡಿದೆ. ಆ ಬಾಗಿದ ತುದಿ ಬರಲು ಉಳಿ ಜಾರಲೇಬೇಕು, ಜಾರುವುದಿಲ್ಲ. ಚಮಚದ ಹಾಗೆ ಹಿಡಿಯೋಣವೆಂದರೆ ಬೆರಳು ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ. ಅರವತ್ತೆರಡು ಸಲ ಪ್ರಯತ್ನಿಸಿದೆ. ಅರವತ್ತೆರಡೂ ನೇರ ಗೆರೆ. ಮಾವ ಪಕ್ಕದಲ್ಲಿ ನಿಂತು, “ಸ್ವಲ್ಪ ದಡ್ಡಿ ಥರ ಮಾಡಮ್ಮ” ಎಂದು ಬೇಡಿಕೊಂಡರು. ಎಂಟು ದಿನದಲ್ಲಿ ಆದದ್ದು ಎರಡು ವರ್ಷ ಕಲಿತ ಮೇಲೆ ಆಗುತ್ತಿಲ್ಲ.

ಫೆಬ್ರವರಿ 18, ಮಂಗಳವಾರ. ಮಧ್ಯಾಹ್ನ 2



ಅಜ್ಜ ಹೇಳಿದರು, “ಅವತ್ತು ಹೇಗಿತ್ತೋ ಹಾಗೇ ಇರಲಿ.” ಊಟದ ಹೊತ್ತು. ಎಲ್ಲರನ್ನೂ ಹೊರಗೆ ಕಳಿಸಿದರು. ತಾವು ಗೋಣಿಚೀಲದ ಮೇಲೆ ಮಲಗಿ ಗೊರಕೆ ಶುರು ಮಾಡಿದರು. ಸುಳ್ಳು ಗೊರಕೆ, ನಿಜದ್ದಕ್ಕಿಂತ ಚೆನ್ನಾಗಿತ್ತು.

ಉಳಿ ತೆಗೆದುಕೊಂಡೆ. ಇದು ತುಂಡು ಉಕ್ಕಲ್ಲ, ಅಜ್ಜನ ಐದು ದಿನ. ತಪ್ಪಿದರೆ ಇನ್ನೊಂದು ದಿಮ್ಮಿಗೆ ಸಮಯವಿಲ್ಲ. ಗುಳಿಯೊಳಗೆ ಉಳಿಯ ತುದಿ ಇಟ್ಟೆ. ಗೊರಕೆ ನಡೆಯುತ್ತಲೇ ಇತ್ತು. ಸುತ್ತಿಗೆ ಎತ್ತಿ ಮೆಲ್ಲಗೆ ತಟ್ಟುವ ಹೊತ್ತಿಗೆ —

“ಯಾರೇ ಅದು ಅಚ್ಚು ಮುಟ್ತಿರೋದು?”

ಬೆಚ್ಚಿಬಿದ್ದೆ. ಉಳಿ ಜಾರಿತು.

ಅಜ್ಜ ಆಗಲೇ ಎದ್ದು ಕೂತು ಸೀಸ ಕಾಯಿಸಲು ಹೇಳುತ್ತಿದ್ದರು. ಹೊಯ್ದೆವು. ತೆಗೆದೆವು. ಹಳೆಯ ಪಿನ್ನಿನ ಪಕ್ಕ ಇಟ್ಟೆವು. ಅಕ್ಕಿಕಾಳು, ಒಂದು ತುದಿ ಸ್ವಲ್ಪ ಬಾಗಿದ್ದು.

“ಇದನ್ನ ಎರಡು ವರ್ಷದ ಹಿಂದೇನೇ ಕೂಗಬೇಕಿತ್ತು ನಾನು” ಎಂದರು ಅಜ್ಜ. ಆಮೇಲೆ ನಕ್ಕರು. ನನಗೆ ಅಳು ಬಂತು, ಹೊಗೆ ಅಂದೆ. ಹೊಗೆ ಇರಲಿಲ್ಲ. ಇಲ್ಲಿಯಾದರೂ ಬರೆದಿಡುತ್ತೇನೆ.

ಫೆಬ್ರವರಿ 21, ಶುಕ್ರವಾರ

ಭೂತಗನ್ನಡಿ ಹೊಸ ಅಚ್ಚಿನ ನಲವತ್ತು ಪಿನ್ನನ್ನೂ ನೋಡಿದರು. ಯಾವುದನ್ನೂ ತಿರುಗಿಸಲಿಲ್ಲ. “ಪಾಸ್” ಎಂದರು. ಮಾವ ನನ್ನ ಕಡೆ ನೋಡಿ ಕಣ್ಣಲ್ಲೇ ಕೈಮುಗಿದರು. ಆದರೂ ಹೇಳಿದೆ.

“ಸಾರ್, ಅದು ಗುರುತಲ್ಲ. ನನ್ನ ಕೈ ಜಾರಿದ್ದು.”

ಅವರು ಕನ್ನಡಿಯನ್ನು ನನ್ನ ಮೇಲೆ ಹಿಡಿದರು. “ಡ್ರಾಯಿಂಗಲ್ಲಿ ‘ಕೈ ಜಾರಿದ್ದು’ ಅನ್ನೋ ಕಾಲಂ ಇಲ್ಲಮ್ಮ. ‘ತಯಾರಕರ ಗುರುತು’ ಅಂತಿದೆ. ತಯಾರಿಸಿದ್ದು ನೀನೇ ತಾನೆ?”

“ಹೌದು.”

“ಹಾಗಾದ್ರೆ ಸರಿಯಾಗೇ ಇದೆ.”

ಹೊರಟವರು ಬಾಗಿಲಲ್ಲಿ ನಿಂತರು. ಜಂಕ್ಷನ್ನಿನ ದೊಡ್ಡ ವರ್ಕ್‌ಶಾಪಿನಲ್ಲಿ ಇದೇ ಡ್ರಾಯಿಂಗಿನ ಪಿನ್ ಮಾಡಿಸುತ್ತಿದ್ದಾರಂತೆ. ಐದು ತಿಂಗಳಿಂದ ಎಲ್ಲ ರಿಜೆಕ್ಟ್. “ಒಬ್ಬನದು ಬೇಳೆ ಥರ ಬರುತ್ತೆ, ಇನ್ನೊಬ್ಬನದು ಇರುವೆ ಥರ. ನಿನ್ನನ್ನ ಅಲ್ಲಿಗೆ ಕಳಿಸ್ತಾರಾ ನಿಮ್ಮ ಮಾವನ್ನ ಕೇಳು. ಒಂದು ವರ್ಷ ಅಪ್ರೆಂಟಿಸ್. ಅಚ್ಚಿನ ವಿಭಾಗ.”

“ಅವರ ಪಿನ್ನಿಗೆ ನಮ್ಮ ಗುರುತು ಯಾಕೆ ಸಾರ್?”

“ಡ್ರಾಯಿಂಗ್ ಒಂದೇ” ಎಂದರು.

ಮಾವ ಅರ್ಜಿ ತುಂಬಲು ಕೂತರು. ವಿದ್ಯಾಭ್ಯಾಸದ ಜಾಗದಲ್ಲಿ ‘ಹತ್ತು’ ಎಂದು ಬರೆಯುವಷ್ಟರಲ್ಲಿ ಪೆನ್ ಕಿತ್ತುಕೊಂಡೆ. ‘ಒಂಬತ್ತು’ ಎಂದು ಬರೆದೆ. ‘ಹತ್ತರಲ್ಲಿ ನಾಲ್ಕು ತಿಂಗಳು’ ಎಂದೂ ಸೇರಿಸಿದೆ, ಅದರಲ್ಲಿ ಒಂದು ತಿಂಗಳು ಹೊರಗೆ ನಿಂತಿದ್ದೆ ಎಂದು ಬರೆಯಲು ಜಾಗ ಸಾಲಲಿಲ್ಲ.

ಮಾರ್ಚ್ 2, ಭಾನುವಾರ

ಜಂಕ್ಷನ್ನಿನ ವರ್ಕ್‌ಶಾಪಿನವರು ಕರೆದಿದ್ದಾರೆ.

ಅಮ್ಮ ಚೀಲ ತುಂಬಿದಳು, ಬಿಚ್ಚಿದಳು, ಮತ್ತೆ ತುಂಬಿದಳು. ಪಕ್ಕದ ಮನೆಯವರಿಗೆ “ದೊಡ್ಡ ಮೊಳೆ ಮಾಡೋಕೆ ಹೋಗ್ತಿದ್ದಾಳೆ” ಎಂದಿದ್ದಾಳೆ. ತಿದ್ದಲಿಲ್ಲ.

ಸಂಜೆ ಅಜ್ಜ ಬಂದರು. ಟೀ ಕೊಟ್ಟೆ. ಬಲಗೈಯಲ್ಲಿ ತೆಗೆದುಕೊಂಡರು.

“ಎಲ್ಲ ಸರಿ. ಅಲ್ಲಿ ಮಚ್ಚೆ ಹಾಕೋವಾಗ ಕೂಗೋದು ಯಾರು?”

“ಸಾವಿರ ಜನ ಇದ್ದಾರಂತೆ ಅಜ್ಜ.”

“ಯಾರೂ ಗೊರಕೆ ಹೊಡೆಯೋರು ಸಿಗದಿದ್ರೆ ಕಾಗದ ಹಾಕು, ಬರ್ತೀನಿ” ಎಂದರು. ಲೋಟ ಖಾಲಿ ಮಾಡಿ, ಅದನ್ನು ಹಿಡಿದ ತಮ್ಮ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ಹೋದರು.

ನಾಳೆ ಬೆಳಿಗ್ಗೆ ಆರೂಕಾಲಿನ ರೈಲಿಗೆ ಹೊರಡುತ್ತೇನೆ.