ನಲವತ್ತೆಂಟರ ವಿದ್ಯಾರ್ಥಿನಿಗೆ ಪೋಷಕರು ಬೇಕಾಗಿದ್ದಾರೆ

ಮಾನ್ಯ ಕುಲಸಚಿವರೇ,

'ಕಲಿಯ ಹೊರಟವಳಿಗೆ ಮನೆಯಿಲ್ಲ, ಬಾಗಿಲು ಮಾತ್ರ.' ಪದವಿ ಓದುವಾಗ ಕಾಲೇಜಿನ ಗೋಡೆಪತ್ರಿಕೆಯಲ್ಲಿ ಕಂಡ ಸಾಲು. ಬರೆದ ಹುಡುಗಿ ಯಾರೋ ತಿಳಿಯದು. 'ಬಾಗಿಲು ಮಾತ್ರ' ಎಂದಿತ್ತೋ, 'ಬಾಗಿಲೂ ಇಲ್ಲ' ಎಂದಿತ್ತೋ, ಈಗ ಖಚಿತವಿಲ್ಲ. ಯಾವುದು ಸರಿಯೆಂದು ನಿಮ್ಮ ಕಚೇರಿಯೇ ತೀರ್ಮಾನಿಸಬಹುದು. ಸೋಮವಾರ ನನ್ನ ಎಂ.ಎ. ಮೂರನೇ ಸೆಮಿಸ್ಟರ್ ಪರೀಕ್ಷೆ. ಹಾಜರಾತಿ ಕೊರತೆಯ ಮುಚ್ಚಳಿಕೆಗೆ ಪೋಷಕರು ಖುದ್ದಾಗಿ ಬಂದು ಸಹಿ ಹಾಕದಿದ್ದರೆ ಹಾಲ್ ಟಿಕೆಟ್ ಇಲ್ಲ ಎಂದು ನಿಮ್ಮ ಕಚೇರಿಯವರು ಹೇಳಿದ್ದಾರೆ. ನನಗೆ ನಲವತ್ತೆಂಟು ವರ್ಷ.

ತರಗತಿ ತಪ್ಪಿಸಿದ್ದು ನಿಜ. ಅದನ್ನು ಅಲ್ಲಗಳೆಯಲು ಈ ಪತ್ರವಲ್ಲ. ಮೂಡಿಗೆರೆಯ ಹೊರಗೆ ನಮ್ಮದೊಂದು ಸಣ್ಣ ಕಾಫಿ ತೋಟ. ನಿಮ್ಮ ಸೆಮಿಸ್ಟರ್ ಕಾವೇರುವ ಹೊತ್ತಿಗೇ ಇಲ್ಲಿ ಹಣ್ಣು ಕೊಯ್ಲು. ಕೊಯ್ದದ್ದನ್ನು ಅಂದೇ ಪಲ್ಪ್ ಮಾಡಿ ಸಿಪ್ಪೆ ಬಿಡಿಸಿ, ತೊಳೆದು, ಕಣದಲ್ಲಿ ಒಣಗಿಸಬೇಕು. ನಮ್ಮ ಕಡೆ ಒಂದು ರೂಢಿಯಿದೆ: ಮೋಡ ಮೊದಲು ಕಂಡವರು ಕೂಗಬೇಕು, ಕೂಗು ಕೇಳಿದವರು ಯಾರ ಕಣವೆಂದು ನೋಡದೆ ಟಾರ್ಪಾಲು ಎಳೆಯಬೇಕು. ನಾನು ಚಿಕ್ಕಮಗಳೂರಿನಲ್ಲಿ ಕೂತು ಪಾಠ ಕೇಳುವಾಗ ನನ್ನ ಕಣಕ್ಕೆ ಟಾರ್ಪಾಲು ಎಳೆದವರು ಪಕ್ಕದ ಮನೆಯ ಮಹಮೂದಕ್ಕ. ಅವರ ಯಜಮಾನರಿಗೆ ರಸ್ತೆ ಬದಿಯಲ್ಲಿ ಜೀಪ್ ರಿಪೇರಿಯ ಗ್ಯಾರೇಜು. ಮೊದಲ ವರ್ಷ ನಾನು ಪಾಸಾದದ್ದರಲ್ಲಿ ಅರ್ಧ ಅವರದ್ದು.

ಈ ಡಿಸೆಂಬರಿನಲ್ಲಿ ಮಹಮೂದಕ್ಕ ತಮ್ಮ ಮಗಳು ಶೈಮಾಳ ಬಾಣಂತನಕ್ಕೆ ಹೋಗಿದ್ದರು, ಮೋಡ ಕಂಡು ಕೂಗುವವರಿರಲಿಲ್ಲ. ಆ ಮಧ್ಯಾಹ್ನ ತರಗತಿಯಲ್ಲಿ ಛಂದಸ್ಸಿನ ಪಾಠ. ಕಿಟಕಿಯಾಚೆ ಕಪ್ಪಾಗುವುದು ಕಾಣುತ್ತಿತ್ತು. ಎದ್ದು ಹೋಗಲಿಲ್ಲ, ಎದ್ದಿದ್ದರೂ ಬಸ್ಸು ಮಳೆಗಿಂತ ಮುಂಚೆ ತಲುಪುತ್ತಿರಲಿಲ್ಲ. ಸಂಜೆ ಬಂದು ನೋಡಿದರೆ ಒಣಗಲು ಹಾಕಿದ್ದ ಪಾರ್ಚ್‌ಮೆಂಟ್ ಬೀಜ ನೆನೆದು ಅಂಗಳದ ತುಂಬ ಹರಡಿತ್ತು. ಮಾರನೆಯ ದಿನದಿಂದ ಕಣ ಖಾಲಿಯಾಗುವವರೆಗೆ ಮನೆಯಲ್ಲೇ ಉಳಿದೆ. ನಿಮ್ಮ ನೋಟಿಸಿನಲ್ಲಿ 'ಅಶಿಸ್ತು' ಎಂದು ಕರೆದಿರುವುದು ಇದನ್ನೇ.

ನಿಮ್ಮ ಕಚೇರಿಯ ಕಿಟಕಿಯಾಚೆ ಕೂತ ಯುವಕ ಒಳ್ಳೆಯವನೇ.

"ಪೇರೆಂಟ್ಸ್ ಕರ್ಕೊಂಡು ಬನ್ನಿ ಮೇಡಂ."

"ಇಬ್ಬರೂ ತೀರಿಕೊಂಡಿದ್ದಾರೆ."

"ಹಸ್ಬೆಂಡು?"

"ಅವರೂ ಇಲ್ಲ."

ಅವನು ಪೆನ್ನು ಕೆಳಗಿಟ್ಟ. "ಹಂಗಾದ್ರೆ ಗಾರ್ಡಿಯನ್ ಯಾರಾದ್ರೂ…"

"ಮಗಳಿದ್ದಾಳೆ. ಕೆಲಸದಲ್ಲಿದ್ದಾಳೆ."

"ಆಗಲ್ಲ ಮೇಡಂ. ಸ್ಟೂಡೆಂಟ್‌ಗಿಂತ ದೊಡ್ಡೋರಾಗಿರಬೇಕು. ಅಕ್ಕಪಕ್ಕದೋರಾದ್ರೂ ನಡೆಯುತ್ತೆ."

ಸಂಜೆ ಫೋನಿನಲ್ಲಿ ಮಗಳು ಧನ್ಯಾಗೆ ಹೇಳಿದರೆ, "ನಾನೇ ಬಂದು ಎಲ್ಲರೆದುರು ನಿನ್ನ ಕಿವಿ ಹಿಂಡ್ತೀನಿ ಬಿಡಮ್ಮಾ, ಮಾರ್ಕ್ಸ್ ಕಾರ್ಡು ಬಂದಾಗೆಲ್ಲ ಹಿಂಡಿದ್ದೀಯಲ್ಲ" ಎಂದು ನಕ್ಕಳು. ನಾನೂ ನಕ್ಕೆ ಎಂದು ಕಾಣುತ್ತದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದು ಎಲ್ಲೋ ಪಕ್ಕದ ಕೋಣೆಯಲ್ಲಿ ನಡೆಯುತ್ತಿರುವ ಸಂಗತಿಯ ಹಾಗೆ ಇತ್ತು.

ಮಾನ್ಯರೇ, ನನ್ನ ಸಹಿಯ ಬಗ್ಗೆ ನಿಮಗೆ ಒಂದು ಮಾತು ತಿಳಿಸಬೇಕು. ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ನನ್ನ ಯಜಮಾನರ ಉಸಿರಿನ ಯಂತ್ರ ತೆಗೆಯಲು ಅದೇ ಸಹಿ ಸಾಕಾಯಿತು. ನಿಮಗಿಂತ ದೊಡ್ಡವರನ್ನು ಕರೆತನ್ನಿ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಈಗೀಗ ಅನ್ನಿಸುತ್ತದೆ. ಅಂದಿನಿಂದ ಮಾತುಗಳು ಕಿವಿಗೆ ಬಿದ್ದರೂ ಒಳಕ್ಕೆ ಇಳಿಯುತ್ತಿರಲಿಲ್ಲ. ಸಾಲು ಸಾಲಾಗಿ ಪದ್ಯ ಓದಿದಾಗ ಮಾತ್ರ ಏನೋ ಸ್ವಲ್ಪ ತಾಗುತ್ತಿತ್ತು. ಅದಕ್ಕಾಗಿ ನಿಮ್ಮಲ್ಲಿಗೆ ಬಂದೆ, ನೌಕರಿಗಲ್ಲ, ಬಡ್ತಿಗಲ್ಲ. ಒಂದು ಜೀವದ ಕೊನೆಗೆ ಸಾಕಾದ ಸಹಿ ನನ್ನದೇ ರಜೆಗೆ ಸಾಲದೇ? 'ಕಲಿಕೆಗೆ ವಯೋಮಿತಿಯಿಲ್ಲ' ಎಂದು ಪ್ರವೇಶದ ಜಾಹೀರಾತಿನಲ್ಲಿ ಅಚ್ಚು ಹಾಕಿಸಿದವರು ನೀವೇ ಅಲ್ಲವೇ? ಹಾಗಾದರೆ ಗದರಿಸಿಕೊಳ್ಳುವುದಕ್ಕೆ ಮಾತ್ರ ಏಕೆ ನಮ್ಮನ್ನು ಮತ್ತೆ ಮಕ್ಕಳನ್ನಾಗಿ ಮಾಡುತ್ತೀರಿ?

ನನ್ನ ಬೇಡಿಕೆ ದೊಡ್ಡದಲ್ಲ. ವಯಸ್ಕ ವಿದ್ಯಾರ್ಥಿಗಳ ಮುಚ್ಚಳಿಕೆಯಿಂದ ಪೋಷಕರ ಸಹಿಯನ್ನು ಕೈಬಿಡಿ. ನಾನು ಮಾಡಿದ್ದಕ್ಕೆ ನಾನೇ ಸಹಿ ಹಾಕುತ್ತೇನೆ, ದಂಡನೆ ಏನಿದ್ದರೂ ನನಗೇ ಇರಲಿ. ಆದೇಶ ಹೊರಡಲು ನಿಮಗೆ ಕಾಲ ಬೇಕು, ನನಗೆ ಸೋಮವಾರವೇ ಪರೀಕ್ಷೆ. ಆದ್ದರಿಂದ ಈ ಸಲಕ್ಕೆ ನನಗಿಂತ ನಾಲ್ಕು ವರ್ಷ ದೊಡ್ಡವರಾದ, ಬಾಣಂತನ ಮುಗಿಸಿ ಮರಳಿರುವ ಮಹಮೂದಕ್ಕನನ್ನೇ ಕರೆತರುತ್ತಿದ್ದೇನೆ.

ಇಂತಿ,
ಪೋಷಕರ ಹುಡುಕಾಟದಲ್ಲಿ ಹಾಜರಾತಿ ಇನ್ನೂ ಒಂದು ದಿನ ಕಳೆದುಕೊಂಡ,
ಕುಸುಮಾ
ದ್ವಿತೀಯ ಎಂ.ಎ., ಕನ್ನಡ

ಮರೆತ ಮಾತು: ಇಷ್ಟು ಬರೆದು ಕವರಿಗೆ ಹಾಕುವಷ್ಟರಲ್ಲಿ ಮಹಮೂದಕ್ಕ ಇಸ್ತ್ರಿಯ ಗೆರೆ ಮುರಿಯದ ಬುರ್ಖಾ ತೊಟ್ಟು ಬಾಗಿಲಿಗೆ ಬಂದು ನಿಂತಿದ್ದಾರೆ. "ಬೇಗ ಹೊರಡೇ ಮಾರಾಯ್ತಿ, ಬಸ್ಸು ತಪ್ಪಿದ್ರೆ ಅದಕ್ಕೂ ನಾನೇ ಸಹಿ ಹಾಕ್ಬೇಕಾ? ಮತ್ತೆ ನೋಡು, ಅಲ್ಲಿ ನಾನು ಬೈಯುವಾಗ ತಲೆ ತಗ್ಗಿಸಿ ನಿಂತ್ಕೊ. ನಗಬೇಡ. ನಕ್ರೆ ನಾನು ನಿನ್ಗಿಂತ ದೊಡ್ಡೋಳು ಅಂತ ಅವರು ನಂಬಲ್ಲ."