ಎಡಮಗ್ಗುಲಿನ ತುಕ್ಕು

ಸೆಪ್ಟೆಂಬರ್ 14, 1996. ಮಧ್ಯಾಹ್ನ 12

ರಷ್ಯನ್ ರಿವಾಲ್ವರನ್ನು ಎಣ್ಣೆಯಿಂದ ಎತ್ತಿ ನೋಡಿದೆ. ಗುಂಡು ತುಂಬುವ ಉರುಳೆ ಇನ್ನೂ ತಿರುಗುತ್ತಿಲ್ಲ. ನೆನೆಯಲಿ. ಕಾರ್ಖಾನೆ ಬಿಟ್ಟು ನಾಲ್ಕು ವರ್ಷ, ನನಗೇನು ಅವಸರ? ಹೊಳೆಯುವ ಪಿಸ್ತೂಲು ಕೊಳ್ಳುವವರು ಬೇರೆ. ನನ್ನ ಪಾಲಿಗೆ ಹಿಡಿ ಮುರಿದದ್ದು, ತುಕ್ಕು ತಿಂದದ್ದು, ಯಾರಿಗೂ ಬೇಡವಾದ ಯುದ್ಧದ ಸಾಮಾನು. ಅದನ್ನು ಉಜ್ಜಿ ಹೊಸದು ಮಾಡುವುದೇ ನನಗಿಷ್ಟ.

ಹನ್ನೊಂದಕ್ಕೆ ಆರ್ಲೀನ್ ಅತ್ತಿಗೆ ಬಂದರು. ಕೈಚೀಲದಿಂದ ಹಳೇ ಕಾಲುಚೀಲ ತೆಗೆದರು. ಒಳಗೆ ಆರ್ವಿಲ್ ಅಣ್ಣ ಯುದ್ಧದಿಂದ ತಂದ ಜರ್ಮನ್ ಪಿಸ್ತೂಲು!

"ನವೆಂಬರ್ ಎರಡಕ್ಕೆ ಇವ್ರಿಗೆ ಎಪ್ಪತ್ತೈದು ತುಂಬುತ್ತೆ ವೆಂಡಲ್. ಹೊಸದರ ಹಾಗೆ ಮಾಡ್ಕೊಡು."

"ಅಣ್ಣನಿಗೆ ಗೊತ್ತಾ?"

"ಗೊತ್ತಾದ್ರೆ ಕೊಡ್ತಾರಾ? ಏಪ್ರಿಲ್‌ನಲ್ಲಿ ಒಂದ್ಸಲ ತೆಗೀತಾರೆ, ನೋಡ್ತಾರೆ, ಇಡ್ತಾರೆ. ಒಂದು ತೊಟ್ಟು ಎಣ್ಣೆ ಹಾಕಿದ್ದು ನಾ ಕಾಣೆ. ಸೋಮಾರಿ."

ಸರಿಮಾಡಲು ಕೊಡು ಅಂತ ಅಣ್ಣನನ್ನು ನಾಲ್ಕು ಸಲ ಕೇಳಿದ್ದೆ. ನಾಲ್ಕು ಸಲವೂ ಮಾತು ಮರೆಸಿದ್ದ.

ಸೆಪ್ಟೆಂಬರ್ 22

ಮಿಲ್ವಾಕಿಯ ಪಿಸ್ತೂಲು ಸಂತೆ. ಗೆಳೆಯ ಗಸ್‌ಗೆ ಅಣ್ಣನ ಪಿಸ್ತೂಲು ತೋರಿಸಿದೆ. ಅವನೂ ನನ್ನಂತೆ ಹಳತರ ಹುಚ್ಚ. ಬಲಮಗ್ಗುಲು ನುಣ್ಣಗಿದೆ. ಎಡಗಡೆ ಮಾತ್ರ ಮೂತಿಯಿಂದ ಹಿಡಿಯವರೆಗೆ ಆಳವಾದ ಗುಳಿಗಳು, ಸಿಡುಬಿನ ಕಲೆಯ ಹಾಗೆ.

ಗಸ್ ಕನ್ನಡಕ ಏರಿಸಿದ. "ಒಂದೇ ಮಗ್ಗುಲಿಗೆ ಇಷ್ಟು ತಿಂದಿದೆ ಅಂದ್ರೆ ಇದು ಬರೀ ತೇವ ಅಲ್ಲ ಕಣೋ. ನಿಮ್ಮಣ್ಣನ್ನ ಒಂದು ಮಾತು ಕೇಳು."

"ಕೇಳಿ ಕೊಟ್ರೆ ಉಡುಗೊರೆ ಏನ್ ಬಂತು?"

"ನಿನ್ ಹಣೇಬರಹ" ಅಂದ.

ಗಸ್‌ಗೆ ಎಲ್ಲದರಲ್ಲೂ ಅನುಮಾನ.

ಅಕ್ಟೋಬರ್ 6. ಬೆಳಿಗ್ಗೆ

ಅರ ಹಿಡಿದು ಎಂಟನೇ ದಿನ. ಗುಳಿ ಎಷ್ಟು ಆಳ ಮಾರಾಯ... ಹೆಬ್ಬೆರಳು ಬಾತಿದೆ. ಪಿಸ್ತೂಲಿನ ಮೇಲೆ ಕೊರೆದ ಅಂಕಿ, ಮುದ್ರೆ ಎಲ್ಲ ಉಳಿಸಿಕೊಂಡು ಗುಳಿ ತೆಗೆಯಬೇಕು.

ಅಣ್ಣ 1945ರಲ್ಲಿ ಯುದ್ಧದಿಂದ ಬಂದಾಗ ನನಗೆ ಹದಿನೈದು. ಹೋಗುವ ಮುಂಚೆ ಹೆಗಲ ಮೇಲೆ ಕೂರಿಸಿಕೊಂಡು ಕೆರೆಗೆ ಇಳಿಯುತ್ತಿದ್ದವನು, ಬಂದಮೇಲೆ ಊಟದ ಮೇಜಿನಲ್ಲಿ ಉಪ್ಪು ಕೊಡು ಅನ್ನುವುದೂ ಹೆಚ್ಚು. ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ನಾಚಿಕೆ — ಅವನ ಬಾಯಲ್ಲಿ ಒಂದು ಸಲ ಶಭಾಷ್ ಅನ್ನಿಸಿಕೊಳ್ಳಬೇಕು.

ಅಕ್ಟೋಬರ್ 27

ಉಕ್ಕಿಗೆ ಬಣ್ಣ ಹಿಡಿಯಲೆಂದು ಪಿಸ್ತೂಲನ್ನು ಏಳನೇ ಸಲ ನೀರಲ್ಲಿ ಕುದಿಸಿ ತೆಗೆದೆ. ಕಪ್ಪುನೀಲಿ ಬಣ್ಣ ಕೂತಿದೆ. ಎಡ ಯಾವುದು ಬಲ ಯಾವುದು ಹೇಳಲಾಗದು. ಜನ್ಮದಲ್ಲಿ ಇಷ್ಟು ಒಳ್ಳೆಯ ಕೆಲಸ ಮಾಡಿಲ್ಲ.

ನವೆಂಬರ್ 2. ಸಂಜೆ 6

ಕೇಕ್ ಕತ್ತರಿಸುವ ಮುಂಚೆ ಕೊಟ್ಟೆ. ಬಿಚ್ಚಿದ. ಹೊರಳಿಸಿದ. ಮತ್ತೆ ಹೊರಳಿಸಿದ.

"ಇದು ಯಾರ್ದು?"

"ನಿಂದೇ ಅಣ್ಣ."

ಹೆಬ್ಬೆರಳಿನಿಂದ ಎಡಮಗ್ಗುಲು ಸವರಿದ. ಕುರುಡ ತಡಕಿದ ಹಾಗೆ, ಮೇಲಿಂದ ಕೆಳಗೆ, ಮತ್ತೆ ಮೇಲಿಂದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

"ಚೆನ್ನಾಗ್ ಮಾಡಿದೀಯ" ಅಂದ. ಎದ್ದು ಕೋಣೆಗೆ ಹೋದ. ಹೊರಗೆ ಬರಲೇ ಇಲ್ಲ.

ಏನೋ ತಪ್ಪಾಗಿದೆ.

ನವೆಂಬರ್ 8, ಶುಕ್ರವಾರ

ಪ್ರತಿ ಶುಕ್ರವಾರ ಅಣ್ಣನೂ ನಾನೂ ಹುರಿದ ಮೀನು ತಿನ್ನಲು ಕ್ಲಬ್ಬಿಗೆ ಹೋಗುವುದು. ಇಪ್ಪತ್ತೆರಡು ವರ್ಷದ ರೂಢಿ. ಇವತ್ತು ಬರಲಿಲ್ಲ. ಫೋನಿಗೆ ಅತ್ತಿಗೆ ಸಿಕ್ಕರು — "ಮಲಗಿದಾರೆ."

ನವೆಂಬರ್ 15

ಬರಲಿಲ್ಲ.

ನವೆಂಬರ್ 24. ಸಂಜೆ 4

ಅಣ್ಣ ಬಂದಿದ್ದ. ತಾನಾಗಿಯೇ ನನ್ನ ಶೆಡ್ಡಿಗೆ. ಕೂರು ಅಂದರೆ ಕೂರಲಿಲ್ಲ.

"ಡೆಲ್ಮರ್ ಅಂತ ಒಬ್ನಿದ್ದ" ಅಂದ. "ನನ್ ಜೊತೆಯೋನು. ಆ ಪಿಸ್ತೂಲು ಜರ್ಮನ್ ಆಫೀಸರ್ ಹತ್ರ ಕಿತ್ಕೊಂಡೋನು ಅವನೇ. ಅಂಗಿಯೊಳಗೆ ಸಿಕ್ಕಿಸ್ಕೊಂಡಿದ್ದ. ಮಾರನೇ ದಿನ ಪಿಸ್ತೂಲಿಟ್ಟ ಮಗ್ಗುಲಿಗೇ ಗುಂಡು ತಗುಲ್ತು. ನನ್ ತೊಡೆ ಮೇಲೆ ಹೋದ. ಏಪ್ರಿಲ್‌ನಲ್ಲಿ."

ಬೆಂಚಿನ ಮೇಲಿದ್ದ ಅರವನ್ನು ಪಕ್ಕಕ್ಕೆ ಸರಿಸಿದೆ.

"ಅದು ತುಕ್ಕಲ್ಲ ಕಣೋ ವೆಂಡಲ್. ಅವನ ರಕ್ತ ತಿಂದದ್ದು. ಒರೆಸ್ದೆ ಹಾಗೇ ತಂದಿದ್ದೆ. ಅವನದು ಅಂತ ನನ್ ಹತ್ರ ಇದ್ದದ್ದು ಅದೊಂದೇ."

"ಒಂದ್ಸಲ ಹೇಳಿದ್ರೆ ಆಗ್ತಿತ್ತಲ್ಲ ಅಣ್ಣ..."

"ಹೌದು. ಹೇಳ್ಬೇಕಿತ್ತು. ನಂದೂ ತಪ್ಪು."

ಅವನು ಬೈದಿದ್ದರೆ ವಾಸಿಯಿತ್ತು. ಬೆಂಚಿನ ಮೇಲೆ ಕಣ್ಣಾಡಿಸಿದ. ಆಮೇಲೆ, ಚಿಕ್ಕ ಮಗು ಕೇಳುವ ಹಾಗೆ — "ಉಜ್ಜಿ ತೆಗೆದ ಪುಡಿ ಏನ್ ಮಾಡ್ದೆ?"

ಎಸೆದೆ ಅನ್ನಲು ಬಾಯಿ ಬರಲಿಲ್ಲ.

"ಹುಡುಕ್ತೀನಿ."

"ನಾಳೆ ಹತ್ತಕ್ಕೆ ಬರ್ತೀನಿ."

ನವೆಂಬರ್ 25. ಬೆಳಿಗ್ಗೆ 9.40

ಕಸದ ಗಾಡಿ ಒಯ್ದು ತಿಂಗಳಾಯಿತು. ಐದು ಗಂಟೆಗೇ ಎದ್ದು ಬೆಂಚಿನ ಸಂದಿ, ಇಕ್ಕಳದ ಬುಡ, ನೆಲದ ಬಿರುಕು ಎಲ್ಲ ಸೂಜಿಯಿಂದ ಕೆದಕಿದೆ. ಅರ್ಧ ಚಮಚ ಕಂದು ಪುಡಿ ಸಿಕ್ಕಿದೆ. ಮಾತ್ರೆಯ ಶೀಶೆಗೆ ತುಂಬಿಟ್ಟೆ.

ಇದೇ ಬೆಂಚಿನಲ್ಲಿ ನಲವತ್ತು ಪಿಸ್ತೂಲು ಉಜ್ಜಿದ್ದೇನೆ. ಇದು ಯಾವುದರದು, ದೇವರಿಗೇ ಗೊತ್ತು.

ಕೇಳಿಯೇ ಕೇಳುತ್ತಾನೆ. ಡೆಲ್ಮರ್‌ನದೇ ತಾನೇ ವೆಂಡಲ್, ಅನ್ನುತ್ತಾನೆ. ನನ್ನ ಕಣ್ಣನ್ನೇ ನೋಡುತ್ತಾನೆ.

ಕಾರಿನ ಸದ್ದು. ಹತ್ತಾಗಲು ಇನ್ನೂ ಹೊತ್ತಿದೆ, ಆದರೂ ಅವನೇ. ಇಳಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದಾನೆ, ಸಾವಿನ ಮನೆಗೆ ಬಂದವನ ಹಾಗೆ. ಶೀಶೆ ಕೈಯಲ್ಲಿದೆ. ನಾನು ಅವನಿಗೆ ಹೌದು ಅನ್ನಲೇ, ಗೊತ್ತಿಲ್ಲ ಅನ್ನಲೇ —